ಐಸ್ ಹಾಕಿ, ಹದಿನಾಲ್ಕರ ವಯಸ್ಸು ಮತ್ತು ನಾವು

ನಮ್ಮ ಸಂಘಕ್ಕೆ ಸ್ವಯಂಸೇವಕ ವೈದ್ಯರಾಗಿ ಹೆಸರು ಕೊಟ್ಟ ಮೊದಲ ವರ್ಷಗಳಲ್ಲಿ ನಮಗೆ ಬರುತ್ತಿದ್ದ ಕರೆಗಳು ಬಹುಪಾಲು ಹಿರಿಯರನ್ನು ಕುರಿತವು. ಊರಿನಿಂದ ಬಂದ ಅತ್ತೆಯವರ ಬಿ.ಪಿ. ಮಾತ್ರೆ ತೀರಿದೆ, ಮಾವನವರಿಗೆ ಸಕ್ಕರೆ ಏರಿದೆ, ಚಳಿಗೆ ಮಂಡಿ ಹಿಡಿದುಕೊಂಡಿದೆ, ಹೀಗೆ. ಕೆಲವು ವರ್ಷಗಳಿಂದ ಅವುಗಳ ಜೊತೆಗೆ ಇನ್ನೊಂದು ಬಗೆಯ ಪ್ರಶ್ನೆ ಸೇರಿಕೊಂಡಿದೆ. "ಡಾಕ್ಟ್ರೇ, ಮಗನನ್ನ ಹಾಕಿ ಅಕಾಡೆಮಿಗೆ ಸೇರಿಸೋಣ ಅಂತಿದೀವಿ. ಅವನ ಮೈ ತಡೆಯುತ್ತಾ?" ಆಗಸ್ಟ್ ಕೊನೆಯಲ್ಲಿ ಟ್ರೈಔಟ್‌ಗಳು ಆರಂಭವಾಗುವ ಹೊತ್ತಿಗೆ ಇಂಥ ಕರೆಗಳು ಹೆಚ್ಚುತ್ತವೆ. ಗಣೇಶನ ಹಬ್ಬದ ಕಾರ್ಯಕ್ರಮಕ್ಕೆ ಹುಡುಗರು ಕಡಿಮೆಯಾಗುವುದಕ್ಕೂ ಅದೇ ಕಾರಣವೆಂದು ಸಾಂಸ್ಕೃತಿಕ ಸಮಿತಿಯವರು ಗೊಣಗುವುದುಂಟು.

ಹಾಕಿ ಎಂದೊಡನೆ ನಮ್ಮ ಪೀಳಿಗೆಯ ಕನ್ನಡಿಗರ ಕಣ್ಣ ಮುಂದೆ ಬರುವುದು ಕೊಡಗು. 1997ರಲ್ಲಿ ಮೊದಲಾದ ಕೊಡವ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನವೇ ಒಂದು ತಂಡ. ತಲೆ ನರೆತವರೂ ಮೀಸೆ ಚಿಗುರದವರೂ ಒಂದೇ ಪಕ್ಷದಲ್ಲಿ ಆಡುತ್ತಾರೆ. ಪಶ್ಚಿಮ ಕೆನಡಾದ ಐಸ್ ಹಾಕಿಗೂ ಅದಕ್ಕೂ ಹೆಸರಿನ ನಂಟಷ್ಟೇ. ಇಲ್ಲಿ ಮಕ್ಕಳನ್ನು ವಯಸ್ಸಿಗೊಂದು, ದರ್ಜೆಗೊಂದು ಜರಡಿಯಲ್ಲಿ ಸೋಸಲಾಗುತ್ತದೆ. ಆ ಜರಡಿ ಎಷ್ಟು ಬೇಗ ಎಷ್ಟು ಸಣ್ಣ ಕಣ್ಣಿನದಾಗುತ್ತದೆ ಎಂಬುದು, ಇಲ್ಲಿ ಹುಟ್ಟಿ ಬೆಳೆಯದ ನಮ್ಮಂಥ ತಂದೆತಾಯಿಯರಿಗೆ ಮಗ ಅದರೊಳಗೆ ಬಿದ್ದ ಮೇಲೆಯೇ ತಿಳಿಯುತ್ತದೆ.

ಸ್ಥೂಲವಾಗಿ ಹೇಳುವುದಾದರೆ ವ್ಯವಸ್ಥೆ ಹೀಗಿದೆ. ಐದಾರು ವರ್ಷಕ್ಕೆ ಬಡಾವಣೆಯ ರಿಂಕ್‌ನಲ್ಲಿ ಆಟ ಶುರು. ಹದಿಮೂರರ ಸುಮಾರಿಗೆ ಚೆನ್ನಾಗಿ ಆಡುವವರು ಯು-15 ಎ.ಎ.ಎ. ಎಂಬ ಮೇಲಿನ ದರ್ಜೆಗೆ ಹೋಗುತ್ತಾರೆ. ಇಲ್ಲವೇ 2009ರಲ್ಲಿ ಆರಂಭವಾದ ಕೆನಡಿಯನ್ ಸ್ಪೋರ್ಟ್ ಸ್ಕೂಲ್ ಹಾಕಿ ಲೀಗ್‌ಗೆ ಸೇರಿದ ಯಾವುದಾದರೂ ಅಕಾಡೆಮಿಗೆ ಸೇರುತ್ತಾರೆ. ಅಲ್ಲಿ ಪಾಠವೂ ಹಾಕಿಯೂ ಒಂದೇ ವೇಳಾಪಟ್ಟಿಯಲ್ಲಿ ನಡೆಯುತ್ತವೆ, ಶುಲ್ಕ ವರ್ಷಕ್ಕೆ ಹತ್ತಾರು ಸಾವಿರ ಡಾಲರ್. ಇವೆರಡೂ ದಾರಿಗಳ ತುದಿಯಲ್ಲಿ ಕಾಣುವುದು 1966ರಲ್ಲಿ ಸ್ಥಾಪನೆಯಾದ, ಬಹುಪಾಲು 16ರಿಂದ 20ರ ಹರೆಯದವರು ಆಡುವ ವೆಸ್ಟರ್ನ್ ಹಾಕಿ ಲೀಗ್. ಅದರ ತಂಡಗಳು 1990ರಿಂದೀಚೆಗೆ ಪ್ರತಿ ವರ್ಷ ಎಳೆಯ ಹುಡುಗರನ್ನು ಡ್ರಾಫ್ಟ್ ಮೂಲಕ ಆರಿಸಿಕೊಳ್ಳುತ್ತಿವೆ. 2025ರ ಮೇ ತಿಂಗಳ ಆಯ್ಕೆಯಲ್ಲಿದ್ದವರು 2010ರಲ್ಲಿ ಹುಟ್ಟಿದವರು. ಅಂದರೆ ಅವರಲ್ಲಿ ಅನೇಕರಿಗೆ ಆಗ ಇನ್ನೂ ಹದಿನಾಲ್ಕು ವರ್ಷ. ನಮ್ಮೂರಿನಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು. ಎಸ್ಸೆಸ್ಸೆಲ್ಸಿಯ ಫಲಿತಾಂಶಕ್ಕೂ ಮುಂಚೆ ಒಬ್ಬ ಹುಡುಗನ ಹೆಸರು ಪಟ್ಟಿಯಲ್ಲಿದೆಯೇ ಇಲ್ಲವೇ ಎಂದು ಊರಿಗೆಲ್ಲ ತಿಳಿದುಬಿಡುವುದನ್ನು ಊಹಿಸಿಕೊಳ್ಳಿ.

ಈ ವಯಸ್ಸಿನಲ್ಲಿ ಪ್ರತಿಭೆಯೆಂದು ಕಾಣುವುದರಲ್ಲಿ ದೊಡ್ಡ ಪಾಲು ಬೆಳವಣಿಗೆ. ಹದಿನಾಲ್ಕು ತುಂಬಿದ ಇಬ್ಬರು ಹುಡುಗರನ್ನು ಪಕ್ಕಪಕ್ಕ ನಿಲ್ಲಿಸಿದರೆ ಒಬ್ಬನಿಗೆ ಗಡಸು ದನಿ, ಅಗಲ ಭುಜ. ಇನ್ನೊಬ್ಬ ಇನ್ನೂ ಮಗು. ಮೂಳೆಗಳ ವಯಸ್ಸಿನಲ್ಲಿ ಇಬ್ಬರ ನಡುವೆ ಎರಡು ಮೂರು ವರ್ಷಗಳ ಅಂತರವಿದ್ದರೂ ಅದು ರೋಗವಲ್ಲ. ಇದರ ಮೇಲೆ ಹುಟ್ಟಿದ ತಿಂಗಳ ಲೆಕ್ಕವೂ ಸೇರುತ್ತದೆ. ಇದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ಆಲ್ಬರ್ಟಾದ ಲೆತ್‌ಬ್ರಿಡ್ಜ್ ಊರೇ. 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಪತ್ನಿ ಪೌಲಾ ಅವರೊಡನೆ ಅಲ್ಲಿ ಪಂದ್ಯ ನೋಡಲು ಹೋಗಿದ್ದಾಗ, ಕೈಪುಸ್ತಿಕೆಯಲ್ಲಿ ಆಟಗಾರರ ಜನ್ಮದಿನಗಳನ್ನು ಓದುತ್ತಿದ್ದ ಆಕೆ, ಹೆಚ್ಚಿನವರು ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರು ಎಂಬುದನ್ನು ಗಮನಿಸಿದರು. 1985ರಲ್ಲಿ ಪ್ರಕಟವಾದ ಅವರ ಅಧ್ಯಯನ ಅದನ್ನೇ ಖಚಿತಪಡಿಸಿತು. ವಯೋಮಿತಿಯ ಗೆರೆ ಜನವರಿ 1ಕ್ಕೆ ಇರುವುದರಿಂದ, ಜನವರಿಯ ಕೂಸು ಡಿಸೆಂಬರಿನ ಕೂಸಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ದೊಡ್ಡದಾದ್ದರಿಂದ ಆಯ್ಕೆ, ಆಯ್ಕೆಯಾದ್ದರಿಂದ ಒಳ್ಳೆಯ ಕೋಚ್, ಹೆಚ್ಚು ಐಸ್, ಮತ್ತೆ ಆಯ್ಕೆ. ಶಾಲೆಗೆ ಸೇರಿಸುವಾಗ ಮೇಷ್ಟ್ರೇ ಅನುಕೂಲದ ಒಂದು ಜನ್ಮದಿನ ಬರೆದುಕೊಳ್ಳುತ್ತಿದ್ದ ಕಾಲದಿಂದ ಬಂದ ನಮಗೆ ಈ ಗೆರೆಯ ಮಹಿಮೆ ಬೇಗ ಅರ್ಥವಾಗಬೇಕು. ಆದರೂ ನವೆಂಬರಿನಲ್ಲಿ ಹುಟ್ಟಿದ ಮಗನ ತಂದೆ "ಇವನಿಗೆ ಛಲ ಸಾಲದು" ಎಂದು ನಮ್ಮ ಮುಂದೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಸಣ್ಣ ಮೈಯವನಿಗೂ ದೊಡ್ಡ ಮೈಯವನಿಗೂ ನಡುವಿನ ಈ ಅಂತರ ಅಪಾಯವಾಗಿ ಬದಲಾಗುವುದು ಬಾಡಿ ಚೆಕಿಂಗ್ ಆರಂಭವಾದಾಗ. ಪಕ್ ಹಿಡಿದವನನ್ನು ಮೈಯಿಂದ ಗುದ್ದಿ ತಡೆಯುವುದು ಹುಡುಗರ ಮೇಲ್ದರ್ಜೆಯ ಆಟದಲ್ಲಿ ಹದಿಮೂರು ಹದಿನಾಲ್ಕಕ್ಕೆ ಶುರುವಾಗುತ್ತದೆ. ಹಿಂದೆ ಆಲ್ಬರ್ಟಾದಲ್ಲಿ ಹನ್ನೊಂದು ಹನ್ನೆರಡರ ಮಕ್ಕಳಿಗೂ ಅದಕ್ಕೆ ಅನುಮತಿಯಿತ್ತು, ಕ್ವಿಬೆಕ್‌ನಲ್ಲಿ ಇರಲಿಲ್ಲ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಕ್ಯಾರೊಲಿನ್ ಎಮರಿ ಮತ್ತವರ ಸಂಗಡಿಗರು ಎರಡೂ ಪ್ರಾಂತಗಳ ಮಕ್ಕಳನ್ನು ಹೋಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಲ್ಬರ್ಟಾದ ಮಕ್ಕಳಿಗೆ ಗಾಯದ ಅಪಾಯ ಮೂರು ಪಟ್ಟಿಗೂ ಹೆಚ್ಚೆಂದು ಕಂಡುಬಂತು. ಕನ್ಕಷನ್ ಎಂದು ಕರೆಯುವ ಮಿದುಳಿನ ಪೆಟ್ಟಿನ ಅಪಾಯವೂ ಹಾಗೆಯೇ ಇತ್ತು. 2013ರಲ್ಲಿ ಹಾಕಿ ಕೆನಡಾ ಆ ವಯಸ್ಸಿನಲ್ಲಿ ಗುದ್ದುವುದನ್ನು ದೇಶವಿಡೀ ನಿಲ್ಲಿಸಿತು. ಆಮೇಲೆ ಆಲ್ಬರ್ಟಾದಲ್ಲೇ ಮಾಡಿದ ಅಧ್ಯಯನದಲ್ಲಿ ಆ ವಯೋಮಾನದ ಕನ್ಕಷನ್‌ಗಳು ಅರ್ಧಕ್ಕಿಂತ ಕೆಳಗಿಳಿದದ್ದು ಕಾಣಿಸಿತು. ಒಂದು ನಿಯಮದ ಬದಲಾವಣೆಯಿಂದ ಇಷ್ಟು ಫಲ ಸಿಕ್ಕ ಉದಾಹರಣೆಗಳು ನಮ್ಮ ವೃತ್ತಿಯಲ್ಲಿ ಹೆಚ್ಚಿಲ್ಲ. ಹುಡುಗಿಯರ ಹಾಕಿಯಲ್ಲಿ ಗುದ್ದುವುದಕ್ಕೆ ಯಾವ ವಯಸ್ಸಿನಲ್ಲೂ ಅನುಮತಿಯಿಲ್ಲ. ಹಾಗೆಂದು ಅಲ್ಲಿ ಕನ್ಕಷನ್ ಆಗುವುದೇ ಇಲ್ಲವೆಂದು ಯಾರೂ ತಿಳಿಯಬಾರದು.

"ಹೆಲ್ಮೆಟ್ ಹಾಕಿಕೊಂಡಿದ್ದನಲ್ಲ" ಎಂಬ ಮಾತು ಪ್ರತಿ ಸಲವೂ ಬರುತ್ತದೆ. ತಿಪಟೂರು ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟ ತೆಂಗಿನಕಾಯಿಯಲ್ಲಿ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಒಳಗೇ ಅಲುಗುತ್ತದೆ. ಚಿಪ್ಪು ಗಟ್ಟಿಯಾಗಿದ್ದ ಮಾತ್ರಕ್ಕೆ ಅಲುಗಾಟ ನಿಲ್ಲುವುದಿಲ್ಲ. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ. ವೇಗವಾಗಿ ಹೋಗುತ್ತಿದ್ದ ತಲೆ ಗಕ್ಕನೆ ನಿಂತಾಗ ಒಳಗಿನ ಮಿದುಳು ಅಲುಗುವುದನ್ನು ಅದು ತಡೆಯಲಾರದು. ಸಿ.ಟಿ. ಸ್ಕ್ಯಾನ್ ಸರಿಯಾಗಿ ಬಂದರೂ ಕನ್ಕಷನ್ ಇರಬಹುದು, ಏಕೆಂದರೆ ಕೆಟ್ಟಿರುವುದು ಮಿದುಳಿನ ರಚನೆಯಲ್ಲ, ಅದರ ಕೆಲಸ.

ಇನ್ನು ನಾವು ಕೈಯಾರೆ ಕಂಡ ಒಂದು ಸಂಗತಿ. ಆ ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇವೆ. ಹುಡುಗನಿಗೆ ಹದಿನಾಲ್ಕು, ಹುಟ್ಟಿದ್ದು ಅಕ್ಟೋಬರಿನಲ್ಲಿ. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು, ಎಲ್ಲರಿಗಿಂತ ಚುರುಕು. ಏಪ್ರಿಲ್ ಮೊದಲ ವಾರದ ಒಂದು ಪಂದ್ಯದಲ್ಲಿ ಬೋರ್ಡಿಗೆ ಗುದ್ದಿಸಿಕೊಂಡು ಬಿದ್ದ. ಎದ್ದು ಆಟ ಮುಗಿಸಿದ. ತಂಡದ ಬೆಂಚಿನಲ್ಲಿದ್ದವರು ಬೆರಳೆಷ್ಟು ಎಂದು ಕೇಳಿ ಸುಮ್ಮನಾದರಂತೆ. ಎರಡು ದಿನಗಳಾದರೂ ತಲೆನೋವು ಹೋಗಿರಲಿಲ್ಲ, ಬೆಳಕು ಆಗುತ್ತಿರಲಿಲ್ಲ, ಗಣಿತದ ಲೆಕ್ಕವನ್ನು ಎರಡೆರಡು ಬಾರಿ ಓದುತ್ತಿದ್ದ. ಅದರ ಮುಂದಿನ ಶನಿವಾರ ಸ್ಕೌಟ್‌ಗಳು ಬರುವ ಪಂದ್ಯಾವಳಿ, ಮೇ ತಿಂಗಳಲ್ಲಿ ಡ್ರಾಫ್ಟ್. ತಂದೆ ನಮ್ಮ ಮನೆಗೇ ಬಂದರು. "ಡಾಕ್ಟ್ರೇ, ಆಡಬಹುದು ಅಂತ ಒಂದು ಕಾಗದ ಕೊಡಿ ಸಾಕು. ಎರಡೇ ಮ್ಯಾಚು. ಆಮೇಲೆ ನೀವು ಹೇಳಿದಷ್ಟು ದಿನ ಮನೇಲಿ ಕೂರಿಸ್ತೀನಿ."

ನಮ್ಮವರೇ, ನಮ್ಮ ಭಾಷೆಯವರೇ, ಇಲ್ಲಿಗೆ ಬಂದ ಹೊಸತರಲ್ಲಿ ವಿಮಾನ ನಿಲ್ದಾಣಕ್ಕೆ ಬಂದು ನಮ್ಮನ್ನು ಕರೆದೊಯ್ದವರು. ಕಾಗದ ಕೊಡಲಿಲ್ಲ. ಕೂಡಿಸಿಕೊಂಡು ಕಾರಣ ಹೇಳಿದೆವು. ಮೊದಲ ಒಂದೆರಡು ದಿನ ಮನೆಯೊಳಗಿನ ಹಗುರ ಓಡಾಟ, ಮೊಬೈಲ್ ಟಿವಿ ಕಡಿಮೆ, ಬಳಿಕ ನಡಿಗೆ, ಸೈಕಲ್ಲು, ನಿಧಾನವಾಗಿ ಶಾಲೆ, ಆಮೇಲೆ ಒಬ್ಬನೇ ಸ್ಕೇಟಿಂಗ್, ಲಕ್ಷಣಗಳೆಲ್ಲ ಹೋದ ಮೇಲೆ ಮೈ ತಾಗದ ಅಭ್ಯಾಸ, ವೈದ್ಯರು ಒಪ್ಪಿದ ಮೇಲಷ್ಟೇ ಗುದ್ದಾಟದ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಮೆಟ್ಟಿಲಿಗೆ ಕನಿಷ್ಠ ಒಂದು ದಿನ. ಬಹುಪಾಲು ಮಕ್ಕಳು ಒಂದು ತಿಂಗಳೊಳಗೆ ಸರಿಹೋಗುತ್ತಾರೆ. ಮಾಗದ ಮಿದುಳಿಗೆ ಎರಡನೆಯ ಪೆಟ್ಟು ಬಿದ್ದರೆ ತಿಂಗಳುಗಳೇ ಹಿಡಿಯಬಹುದು. ಅಪರೂಪಕ್ಕೆ ಮಿದುಳು ಊದಿಕೊಂಡು ಜೀವಕ್ಕೇ ಎರವಾದದ್ದೂ ಉಂಟು. ತಂದೆ ಸುಮ್ಮನೆ ಕೇಳಿಸಿಕೊಂಡರು. ಅಡುಗೆಮನೆಯಲ್ಲಿ ನಮ್ಮ ಮನೆಯವರ ಬಳಿ ತಾಯಿ ಅತ್ತರಂತೆ: ಎರಡನೆಯ ಬಾರಿಗೆ ಮನೆಯ ಮೇಲೆ ಸಾಲ ತೆಗೆದಿದ್ದಾರೆ ಎಂದು. ಹುಡುಗ ಮಾತ್ರ ಹೊರಡುವಾಗ ಬಾಗಿಲಲ್ಲಿ ನಿಂತು, "ಅಂಕಲ್, ಥ್ಯಾಂಕ್ಸ್. ನನಗೆ ಹೇಳೋಕೆ ಆಗ್ತಿರಲಿಲ್ಲ" ಎಂದ.

ಆ ಮಾತನ್ನು ನಾವು ಆಗಾಗ ನೆನೆಯುತ್ತೇವೆ. ಹದಿನಾಲ್ಕರ ಹುಡುಗ ತಲೆನೋವನ್ನು ಮುಚ್ಚಿಡುವುದು ಧೈರ್ಯದಿಂದಲ್ಲ, ಅಪ್ಪ ಅಮ್ಮ ತನಗಾಗಿ ಎಷ್ಟು ಖರ್ಚು ಮಾಡಿದ್ದಾರೆಂಬುದು ಅವನಿಗೆ ಗೊತ್ತಿರುವುದರಿಂದ. ಅವನ ಹೆಸರು ಆ ಮೇ ತಿಂಗಳ ಪಟ್ಟಿಯಲ್ಲಿ ಬರಲಿಲ್ಲ. ತಂದೆ ನಮ್ಮೊಡನೆ ಸುಮಾರು ಒಂದು ವರ್ಷ ಮಾತು ಕಡಿಮೆ ಮಾಡಿದರು. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಬೇರೆ ಕಡೆ ನೋಡಿದರು. ನಮಗೆ ನೋವಾಯಿತು, ನಿಜ. ಅವರ ಜಾಗದಲ್ಲಿ ನಿಂತು ನೋಡಿದರೆ, ಕೆನಡಾ ಎಂಬ ಈ ದೇಶಕ್ಕೆ ಮಗ ಪೂರ್ತಿ ಸೇರಿದವನಾಗಲು ಇರುವ ಏಕೈಕ ಬಾಗಿಲನ್ನು ನಾವು ಮುಚ್ಚಿದಂತೆ ಅವರಿಗೆ ಕಂಡಿರಬೇಕು. ಬ್ರೂಕ್ಸ್ ಎಂಬ ನಮ್ಮ ಪ್ರಾಂತದ ಸಣ್ಣ ಊರಿನಲ್ಲಿ ಬೆಳೆದ ಹರ್ನಾರಾಯಣ್ ಸಿಂಗ್ ಪಂಜಾಬಿಯಲ್ಲಿ ಹಾಕಿ ವೀಕ್ಷಕವಿವರಣೆ ಮಾಡಿ ದೇಶಕ್ಕೆಲ್ಲ ಪರಿಚಿತರಾದದ್ದನ್ನು ಕಂಡ ನಮ್ಮಲ್ಲಿ ಇಂಥ ಆಸೆ ಮೂಡುವುದು ತಪ್ಪಲ್ಲ.

ಪಟ್ಟಿಯಲ್ಲಿ ಹೆಸರು ಬಂದವರ ದಾರಿಯೂ ಹಗುರವಲ್ಲ. ಹದಿನಾರಕ್ಕೆ ಹುಡುಗ ಮನೆ ಬಿಟ್ಟು ಬೇರೆ ಊರಿನ ಬಿಲೆಟ್ ಕುಟುಂಬದಲ್ಲಿ ಇರಬೇಕಾಗಬಹುದು. ನಮ್ಮ ಅಜ್ಜಂದಿರ ಕಾಲದ ವಾರಾನ್ನ ಇದಕ್ಕೆ ತೀರ ಹತ್ತಿರದ ಸಂಬಂಧಿ. ವ್ಯತ್ಯಾಸವೆಂದರೆ ವಾರವಿಡೀ ಒಂದೇ ಮನೆಯ ಊಟ. ಒಳ್ಳೆಯ ಬಿಲೆಟ್ ತಾಯಂದಿರು ಸಸ್ಯಾಹಾರಿ ಹುಡುಗನಿಗಾಗಿ ಬೇಳೆ ಬೇಯಿಸಲು ಕಲಿತದ್ದನ್ನೂ ಕೇಳಿದ್ದೇವೆ. ಚಳಿಗಾಲದ ಹೆದ್ದಾರಿಗಳಲ್ಲಿ ರಾತ್ರಿಯಿಡೀ ಬಸ್ಸಿನ ಪ್ರಯಾಣ ಮಾತ್ರ ಯಾರಿಗೂ ತಪ್ಪಿದ್ದಲ್ಲ. 2018ರ ಏಪ್ರಿಲ್ 6ರಂದು ಸಸ್ಕಾಚೆವಾನ್‌ನಲ್ಲಿ ಹಂಬೋಲ್ಟ್ ಬ್ರಾಂಕೋಸ್ ತಂಡದ ಬಸ್ಸು ಅಪಘಾತಕ್ಕೀಡಾಗಿ 16 ಮಂದಿ ತೀರಿಕೊಂಡರು, 13 ಮಂದಿ ಗಾಯಗೊಂಡರು. ಆ ವಾರ ದೇಶದ ಮನೆಮನೆಯ ಮುಂಬಾಗಿಲಲ್ಲಿ ಜನ ಹಾಕಿ ಕೋಲುಗಳನ್ನು ನಿಲ್ಲಿಸಿದರು. ತೀರಿಕೊಂಡವರಲ್ಲಿ ಲೆತ್‌ಬ್ರಿಡ್ಜ್‌ನ ಲೋಗನ್ ಬೂಲೆಯೂ ಒಬ್ಬರು. 21 ತುಂಬಿದಾಗ ಅಂಗದಾನಕ್ಕೆ ಹೆಸರು ಬರೆಸಿದ್ದ ಆ ಯುವಕನ ಅಂಗಗಳು ಆರು ಜನರಿಗೆ ನೆರವಾದವು. ಏಪ್ರಿಲ್ 7ರಂದು ಇಲ್ಲಿ ಹಸಿರು ಅಂಗಿ ತೊಡುವುದು ಅವರ ನೆನಪಿಗೆ.

ಒಂದು ಒಳ್ಳೆಯ ಬದಲಾವಣೆಯನ್ನೂ ಹೇಳಬೇಕು. ಇದುವರೆಗೆ ವೆಸ್ಟರ್ನ್ ಹಾಕಿ ಲೀಗ್‌ನಲ್ಲಿ ಆಡಿದವನಿಗೆ ಅಮೆರಿಕದ ಎನ್.ಸಿ.ಎ.ಎ. ಕಾಲೇಜು ಹಾಕಿಯ ಮೇಲಿನ ದರ್ಜೆಯ ಬಾಗಿಲು ಮುಚ್ಚಿಹೋಗುತ್ತಿತ್ತು. ಆದ್ದರಿಂದ ಹದಿನೈದು ಹದಿನಾರಕ್ಕೇ ಯಾವುದಾದರೂ ಒಂದನ್ನು ಆರಿಸಬೇಕಿತ್ತು. 2025ರ ಆಗಸ್ಟ್ 1ರಿಂದ ಆ ನಿಯಮ ಹೋಯಿತು. ಯೂಕಾನ್‌ನ ವೈಟ್‌ಹಾರ್ಸ್‌ನಿಂದ ಬಂದು ಮೆಡಿಸಿನ್ ಹ್ಯಾಟ್ ತಂಡದಲ್ಲಿ ಆಡಿದ ಗ್ಯಾವಿನ್ ಮೆಕೆನ್ನಾ ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ್ದು ಈ ಬದಲಾವಣೆಯಿಂದಲೇ. ಲೀಗ್‌ನಲ್ಲಿ ಆಡಿದ ಒಂದೊಂದು ಋತುವಿಗೆ ಒಂದು ವರ್ಷದ ಕಾಲೇಜು ಶುಲ್ಕ ಕೊಡುವ ವಿದ್ಯಾರ್ಥಿವೇತನವೂ ಇದೆ. ಅದರ ಕರಾರನ್ನು ಸಹಿಗೆ ಮುಂಚೆ ಪೂರ್ತಿ ಓದಿರಿ.

ಮೇಲೆ ಹೇಳಿದ ಹುಡುಗ ಈಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾನೆ. ಆರು ಅಂಗುಲ ಬೆಳೆದಿದ್ದಾನೆ. ಎ.ಎ. ದರ್ಜೆಯಲ್ಲಿ ಆಡುತ್ತಾನೆ, ಭಾನುವಾರ ಚಿಕ್ಕ ಮಕ್ಕಳ ಪಂದ್ಯಗಳಿಗೆ ರೆಫರಿಯಾಗಿ ಹೋಗಿ ಕೈಖರ್ಚಿಗೆ ಸಂಪಾದಿಸುತ್ತಾನೆ.

ಪೆಟ್ಟು ಬಿದ್ದ ಮಗು ಮನೆಗೆ ಬಂದಾಗ ಎಷ್ಟೋ ಮನೆಗಳಲ್ಲಿ ಅದರ ಜೊತೆ ಇರುವವರು ಊರಿನಿಂದ ಬಂದ ಅಜ್ಜ ಅಜ್ಜಿ. ಅವರಿಗೆಂದು ಒಂದು ಪುಟದ ಸೂಚನೆಯನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಸಂಘದ ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ತಲೆಗೆ ಪೆಟ್ಟು ಬಿದ್ದ ಮೇಲೆ ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು ಮಾತು, ಕೈಕಾಲಿನಲ್ಲಿ ಬಲವಿಲ್ಲದಿರುವುದು, ಕುತ್ತಿಗೆಯಲ್ಲಿ ಜೋರು ನೋವು: ಇವುಗಳಲ್ಲಿ ಒಂದು ಕಂಡರೂ 911ಕ್ಕೆ ಕರೆ ಮಾಡಬೇಕು, ಮಗ ಸೊಸೆ ಕೆಲಸದಿಂದ ಬರಲಿ ಎಂದು ಕಾಯಬಾರದು. ಇಂಗ್ಲಿಷ್ ಬಾರದಿದ್ದರೆ ಚಿಂತೆಯಿಲ್ಲ. ಫೋನಿನಲ್ಲಿ "ಕನ್ನಡ" ಎಂದರೆ ದುಭಾಷಿಯನ್ನು ಕೇಳಿದಂತಾಗುತ್ತದೆ. ಮನೆಯ ವಿಳಾಸವನ್ನು ಮಾತ್ರ ಫ್ರಿಜ್ ಬಾಗಿಲಿಗೆ ಅಂಟಿಸಿಡಿ.