ದೋಸೆಗೆ ಎಷ್ಟು ನಿಮಿಷ?

ಕೂಡ್ಲಿಗಿಯಲ್ಲಿ ಬೆಳಕು ಹರಿಯುವ ಹೊತ್ತಿಗೇ ಇಡ್ಲಿಯ ಹಬೆ ಬೀದಿಗೆ ಬಂದಿರುತ್ತದೆ. ಚಿತ್ರದುರ್ಗ–ಹೊಸಪೇಟೆ ನಡುವಿನ ರಾಷ್ಟ್ರೀಯ ಹೆದ್ದಾರಿ 50 ಈ ಊರನ್ನು ಸವರಿಕೊಂಡೇ ಹೋಗುತ್ತದೆ. ರಾತ್ರಿಯಿಡೀ ಓಡಿದ ಲಾರಿಯವರು, ಬೆಂಗಳೂರಿನಿಂದ ಬಂದಿಳಿದವರು, ಗಾರೆ ಕೆಲಸಕ್ಕೆ ಹೊರಟವರು ಎಲ್ಲರೂ ಒಂದೇ ಕಟ್ಟೆಯ ಮೇಲೆ ತಟ್ಟೆ ಹಿಡಿದು ನಿಲ್ಲುತ್ತಾರೆ. ಎರಡು ಇಡ್ಲಿ, ಒಂದು ವಡೆ, ಮುಗಿದಂತೆಲ್ಲ ಕೇಳದೆಯೇ ಬಂದು ಬೀಳುವ ಶೇಂಗಾ ಚಟ್ನಿ. ನಾನು ಕೊಟ್ಟದ್ದು 40 ರೂಪಾಯಿ. ಲಂಡನ್ನಿನಿಂದ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು: ಒಂದು ಪೌಂಡಿನ ಮೂರನೇ ಒಂದು ಪಾಲು. ಅಷ್ಟು ಹಣಕ್ಕೆ ಅಲ್ಲಿ ಏನು ಸಿಗುತ್ತದೆಂದು ಯೋಚಿಸಿದೆ. ಹೋಟೆಲಿನಲ್ಲಿ ಕೂತು ತಿನ್ನುವಂಥದ್ದು ಒಂದೂ ನೆನಪಾಗಲಿಲ್ಲ.

ನನ್ನ ಅಕ್ಕನ ಮಗ ಹರಪನಹಳ್ಳಿಯವನು. ಲಂಡನ್ನಿನಲ್ಲಿ ಸಂಸಾರ ಹೂಡಿದ್ದಾನೆ. ನಾನು ಹೋದಾಗ ಮೊದಲು ಕರೆದೊಯ್ದದ್ದು ಈಸ್ಟ್ ಹ್ಯಾಮ್‌ಗೆ. ಬೀದಿಗೆ ಬೀದಿಯೇ ದಕ್ಷಿಣ ಭಾರತದ ತಿಂಡಿಯ ವಾಸನೆ, ತಮಿಳು ಮಲಯಾಳಂ ಫಲಕಗಳು, ಗಾಜಿನಾಚೆ ಕಾವಲಿಯ ಮೇಲೆ ದೋಸೆ. ಇನ್ನೊಂದು ದಿನ ಊರ ನಡುಮಧ್ಯದ ಒಂದು ಹೋಟೆಲಿನಲ್ಲಿ ಮಸಾಲೆ ದೋಸೆಗೆ ಏಳು ಪೌಂಡ್ ಎಂದು ಬರೆದಿತ್ತು. ಅದರ ಮೇಲೆ ಶೇಕಡಾ 12.5 ಸೇವಾ ಶುಲ್ಕ. ಪೌಂಡಿಗೆ ಆಗ ಸುಮಾರು 115 ರೂಪಾಯಿ. ಒಂದು ದೋಸೆಗೆ 900 ರೂಪಾಯಿ! ನನ್ನ ಮುಖ ನೋಡಿದ ಅಳಿಯ, ‘ಗುಣಿಸಬ್ಯಾಡ್ರಿ ಮಾಮ, ಉಣ್ರಿ’ ಅಂದ. ಪರದೇಶಕ್ಕೆ ಹೋದ ಕನ್ನಡಿಗರ ಮನೆಗಳಲ್ಲೆಲ್ಲ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಇದೆ. ಹೊಸದಾಗಿ ಹೋದವರು ಗುಣಿಸುತ್ತಾರೆ, ಹಳಬರು ಬಿಟ್ಟಿರುತ್ತಾರೆ.

ಆ ಬೆಲೆಯೊಳಗೆ ಏನೇನಿದೆ ಎಂದು ಅವನೇ ಬಿಡಿಸಿ ಹೇಳಿದ. ಕೂತು ತಿನ್ನುವ ಊಟಕ್ಕೆ ಬ್ರಿಟನ್ನಿನಲ್ಲಿ ಶೇಕಡಾ 20 ವ್ಯಾಟ್ ಇದೆ, ಪಟ್ಟಿಯಲ್ಲಿ ಬರೆದ ದರದಲ್ಲೇ ಅದು ಸೇರಿರುತ್ತದೆ. ನಮ್ಮಲ್ಲಿ ಸಾಮಾನ್ಯ ಹೋಟೆಲುಗಳಿಗೆ ಜಿಎಸ್‌ಟಿ ಶೇಕಡಾ 5, ಗಾಡಿಯ ಮೇಲೆ ಮಾರುವವರಿಗೆ ಅದೂ ಇಲ್ಲ. ಟಿಪ್ಸ್ ಮತ್ತು ಸೇವಾ ಶುಲ್ಕ ಪೂರ್ತಿಯಾಗಿ ಕೆಲಸಗಾರರಿಗೇ ಸೇರಬೇಕೆಂಬ ಕಾನೂನು ಅಲ್ಲಿ 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದನ್ನು ಕೇಳಿದ ಮೇಲೆ ಆ 12.5ರ ಬಗ್ಗೆ ನನಗಿದ್ದ ಮುನಿಸು ಕರಗಿತು. ಸ್ಟ್ರಾಂಡ್ ಬೀದಿಯ ಇಂಡಿಯಾ ಕ್ಲಬ್ಬಿನ ಕಥೆಯನ್ನೂ ಅವನೇ ಹೇಳಿದ್ದು. ವಿ.ಕೆ. ಕೃಷ್ಣ ಮೆನನ್ ಅವರ ಇಂಡಿಯಾ ಲೀಗ್ ಜೊತೆ ನಂಟಿದ್ದ ಜಾಗ ಅದು. ಹಲವು ದಶಕಗಳ ಕಾಲ ಅಲ್ಲಿನ ಮಹಡಿಯ ಮೇಲೆ ಕಡಿಮೆ ದರಕ್ಕೆ ದೋಸೆ ಸಿಗುತ್ತಿತ್ತಂತೆ. 2023ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಬಸ್ಸು ಹತ್ತಿದಾಗ ಇದೆಲ್ಲ ತಲೆಯಲ್ಲಿ ಸುತ್ತುತ್ತಿತ್ತು. ಹೊರಡುವ ಮುನ್ನ ಗಾಂಧೀಜಿಯ ಚಿತಾಭಸ್ಮವಿಟ್ಟ ಸ್ಮಾರಕಕ್ಕೆ ಹೋಗಿ ಕೈಮುಗಿದೆ. ಇಷ್ಟು ಸಣ್ಣ ಊರಿಗೆ ಅದು ಬಂದು ಸೇರಿದ್ದೇ ಒಂದು ಬೆರಗು. ದಾರಿಯುದ್ದಕ್ಕೂ ಕೆಂಪು ಮಸಾರಿ ಹೊಲ, ಶೇಂಗಾ, ಅಲ್ಲಲ್ಲಿ ಹುಣಸೆಮರ.

ಕೊಟ್ಟೂರಿನಲ್ಲಿ ಸಂಜೆ ನಾಲ್ಕಾಯಿತೆಂದರೆ ಮಿರ್ಚಿಯ ಬಾಣಲೆಗಳು ಮಾತಾಡಲು ಶುರುಮಾಡುತ್ತವೆ. ಈ ಸೀಮೆಯಲ್ಲಿ ಒಗ್ಗರಣಿ–ಮಿರ್ಚಿ ತಿನ್ನದೆ ಸಂಜೆಯಾಗುವುದಿಲ್ಲ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಅರಿಸಿನ, ಹಸಿಮೆಣಸಿನ ಒಗ್ಗರಣೆ, ಮೇಲೆ ಪುಟಾಣಿ ಪುಡಿ, ಕೊತ್ತಂಬರಿ, ಹಿಂಡಿದ ಲಿಂಬೆ. ಪಕ್ಕದಲ್ಲಿ ಕಡಲೆಹಿಟ್ಟಿನ ಅಂಗಿ ತೊಟ್ಟ ಗೇಣುದ್ದದ ಮೆಣಸಿನಕಾಯಿ. ನಾನು ನಿಂತ ಗಾಡಿಯವನ ಕೈ ನೋಡುತ್ತ ಮೈಮರೆತೆ. ಎಡಗೈಯಲ್ಲಿ ತೊಟ್ಟು ಹಿಡಿದು ಹಿಟ್ಟಿಗದ್ದಿ, ಪಾತ್ರೆಯ ಅಂಚಿಗೆ ಒಂದು ಬದಿ ಸವರಿ, ಎಣ್ಣೆಯ ಮೇಲ್ಮೈಗೆ ತಾಗಿಸಿದಂತೆ ಬಿಡುತ್ತಾನೆ. ಒಂದು ಹನಿಯೂ ಸಿಡಿಯುವುದಿಲ್ಲ. ಒಂದು ಬಾಣಲೆಗೆ ಇಪ್ಪತ್ತು, ಮತ್ತೆ ಇಪ್ಪತ್ತು. ಬೇಯುತ್ತಿರುವಾಗಲೇ ಇನ್ನೊಂದು ಕೈ ಕಾಗದದಲ್ಲಿ ಮಂಡಕ್ಕಿ ಕಟ್ಟುತ್ತಿರುತ್ತದೆ, ಬಾಯಿ ಲೆಕ್ಕ ಹೇಳುತ್ತಿರುತ್ತದೆ. ಒಂದು ಪ್ಲೇಟ್ ಒಗ್ಗರಣಿ, ಎರಡು ಮಿರ್ಚಿಗೆ ಸಹ 40 ರೂಪಾಯಿಯೇ ಆಯಿತು.

ಆ ಬಾಣಲೆಯ ಸುತ್ತ ನಿಂತರೆ ಲೋಕವೇ ಕಾಣುತ್ತದೆ. ಮಂಡಕ್ಕಿ ಬಂದದ್ದು ದಾವಣಗೆರೆಯ ಭಟ್ಟಿಗಳಿಂದ. ಅಲ್ಲಿ ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ, ಆ ಕಾವಿನ ಮುಂದೆ ಮನುಷ್ಯರು ನಿಂತಿರುತ್ತಾರೆ. ಕಡಲೆ ನಮ್ಮ ಎರೆಹೊಲದ್ದು. ಆದರೆ ಎಣ್ಣೆ? ಶೇಂಗಾ ಬೆಳೆಯುವ ಸೀಮೆಯ ನಡುವೆ ಕೂತು ಆತ ಕರಿಯುತ್ತಿದ್ದದ್ದು ಪಾಮ್ ಎಣ್ಣೆಯಲ್ಲಿ. ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು, ಅದರಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ ಮತ್ತು ಮಲೇಷ್ಯಾದ ಪಾಮ್ ಎಣ್ಣೆ. 2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ಪಾಮ್ ಎಣ್ಣೆಯ ರಫ್ತು ನಿಲ್ಲಿಸಿತ್ತು. ಮೇ 23ರವರೆಗೆ ಅದು ನಡೆಯಿತು. ‘ಆಗ ಮಿರ್ಚಿ ಸಣ್ಣವು ಮಾಡಿದ್ವಿ ಸಾರ್, ರೇಟ್ ಏರಿಸಿದ್ರ ಜನ ಬರಂಗಿಲ್ಲ’ ಎಂದ ಗಾಡಿಯವನಿಗೆ ಎಣ್ಣೆಯ ಡಬ್ಬಿ ತುಟ್ಟಿಯಾದದ್ದು ಚೆನ್ನಾಗಿ ನೆನಪಿದೆ. ಜಕಾರ್ತದಲ್ಲಿ ಆದ ಒಂದು ತೀರ್ಮಾನ ಕೊಟ್ಟೂರಿನ ಮೆಣಸಿನಕಾಯಿಯ ಉದ್ದ ಕಡಿಮೆ ಮಾಡಿತ್ತು! ಕೆಳಗೆ ಉರಿಯುವ ಗ್ಯಾಸಿನ ಕಥೆಯೂ ಇದೇ. ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ, ಬಹುಪಾಲು ಕೊಲ್ಲಿ ರಾಷ್ಟ್ರಗಳಿಂದ ಬರುವಂಥದ್ದು. 19 ಕಿಲೋ ಸಿಲಿಂಡರಿನ ದರ ಲೋಕದ ಪೇಟೆಯ ಜೊತೆಗೇ ಏರಿಳಿಯುತ್ತದೆ.

ಹಾಗಾದರೆ ಈ ತಟ್ಟೆ ಇಷ್ಟು ಅಗ್ಗವಾದದ್ದು ಯಾವುದರಿಂದ? ಎಣ್ಣೆ, ಗ್ಯಾಸು ಲಂಡನ್ನಿನ ದೋಸೆಗೂ ಕೊಟ್ಟೂರಿನ ಮಿರ್ಚಿಗೂ ಲೋಕದ ಪೇಟೆಯ ದರಕ್ಕೇ ಬರುತ್ತವೆ. ಹಡಗು ಹತ್ತದೆ ಇದ್ದಲ್ಲೇ ಉಳಿಯುವುದು ಜಾಗದ ಬಾಡಿಗೆ ಮತ್ತು ಮನುಷ್ಯನ ಕೈ. ಬಡ ದೇಶಗಳಲ್ಲಿ ಕ್ಷೌರ, ಅಡುಗೆ, ಬಡಿಸುವಿಕೆಯಂಥ ಸೇವೆಗಳು ಏಕೆ ಅಗ್ಗ ಎಂಬ ಪ್ರಶ್ನೆಯನ್ನೇ ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1984ರಲ್ಲಿ ಒಂದು ಪ್ರಬಂಧ ಬರೆದಿದ್ದರು. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟನ್ನು ನಮ್ಮಲ್ಲಿ ಕೊಳ್ಳಲು ಹೆಚ್ಚುಕಡಿಮೆ 20 ರೂಪಾಯಿ ಸಾಕು ಎಂದು ವಿಶ್ವಬ್ಯಾಂಕಿನ ಲೆಕ್ಕ ಹೇಳುತ್ತದೆ. ಪೇಟೆಯಲ್ಲಿ ಡಾಲರ್ ಬೇಕೆಂದರೆ 80ಕ್ಕೂ ಮಿಕ್ಕಿ ಕೊಡಬೇಕು. ಡಾಲರ್, ಪೌಂಡು ಹಿಡಿದು ಬಂದವರಿಗೆ ನಮ್ಮೂರ ಹೋಟೆಲು ಪವಾಡದಂತೆ ಕಾಣುವುದು ಆ ಅಂತರದಿಂದ. ಅಂತರದೊಳಗೆ ಏನಿದೆ ಎಂಬುದು ಗಾಡಿಯವನ ಕೈ ನೋಡುವವರೆಗೆ ನನ್ನ ಕಣ್ಣಿಗೆ ಕಟ್ಟಿರಲಿಲ್ಲ.

ಹಗರಿಬೊಮ್ಮನಹಳ್ಳಿಗೆ ರೈಲಿನಲ್ಲಿ ಹೋದೆ. ಹೊಸಪೇಟೆ–ಕೊಟ್ಟೂರು ಹಳಿ ಬ್ರಿಟಿಷರ ಕಾಲದ್ದು. ಬಹುಕಾಲ ಅದರ ಮೇಲೆ ಪ್ರಯಾಣಿಕರ ಗಾಡಿಯೇ ಇರಲಿಲ್ಲ, 2019ರಲ್ಲಿ ಹರಿಹರದವರೆಗೆ ಮತ್ತೆ ಓಡತೊಡಗಿತು. ಈ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿದೆ. ನೀರಿನೊಳಗೆ ನಿಂತ ಜಾಲಿಮರಗಳ ತುಂಬ ಹಕ್ಕಿ. ಚಳಿಗಾಲಕ್ಕೆ ದೂರದ ದೇಶಗಳಿಂದ ಬರುವವೂ ಇವೆ. ಸಾವಿರಾರು ಮೈಲಿ ಹಾರಿ ಬಂದು ಈ ನೀರಲ್ಲಿ, ಈ ಹೊಲಗಳಲ್ಲಿ ಹೊಟ್ಟೆ ತುಂಬಿಸಿಕೊಂಡು ಮತ್ತೆ ಹೊರಟುಹೋಗುತ್ತವೆ. ನಾನು ಅಲ್ಲೇ ದಂಡೆಯಲ್ಲಿ ಕೂತು ಬಹಳ ಹೊತ್ತು ನೋಡಿದೆ. ತಿಂಡಿಯ ದರಗಳನ್ನು ಬರೆದುಕೊಳ್ಳುವ ಪುಸ್ತಕ ಚೀಲದಲ್ಲೇ ಉಳಿಯಿತು.

ಹೂವಿನಹಡಗಲಿಯಲ್ಲಿ ಬೆಳಗಿನ ಬಸ್ಸುಗಳೇ ಘಮಘಮ. ಇಲ್ಲಿನ ಮಲ್ಲಿಗೆಗೆ ಜಿಐ ಎಂಬ ಭೌಗೋಳಿಕ ಗುರುತು ಸಿಕ್ಕಿದೆ. ಅದೇ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆಯ ಹೊತ್ತಿಗೆ ಕಾರ್ಣಿಕವೆಂಬ ಭವಿಷ್ಯನುಡಿ ಕೇಳಲು ಲಕ್ಷಗಟ್ಟಲೆ ಜನ ಸೇರುತ್ತಾರೆ. ನಮ್ಮ ಕಡೆಯ ಹಿರಿಯರು ಮನೆಯಿಂದ ಹೊರಗೆ ಉಂಡದ್ದೆಂದರೆ ಇಂಥ ಜಾತ್ರೆಗಳಲ್ಲಿ, ಅದೂ ಮನೆಯದೇ ಬುತ್ತಿ. ಕಟಕ್ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಪುಡಿ, ಬೆಲ್ಲ, ಕೆಂಪು ಚಟ್ನಿ. ಬಂಡಿಯ ನೆರಳಲ್ಲಿ ಅರಿವೆ ಹಾಸಿ ಬಿಚ್ಚುವುದು, ಪಕ್ಕದ ಬಂಡಿಯವರಿಗೆ ಕೊಡುವುದು, ಅವರದನ್ನು ಇಸಿದುಕೊಳ್ಳುವುದು. ನನ್ನ ಅಳಿಯ ಲಂಡನ್ನಿನಲ್ಲಿ ಮಾಡುವುದೂ ಅದನ್ನೇ ಅಲ್ಲವೇ? ವಾರವೆಲ್ಲ ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಾನೆ, ಹೋಟೆಲು ಶನಿವಾರಕ್ಕೆ ಮಾತ್ರ. ಅವನ ಅಡುಗೆಮನೆಯಲ್ಲಿ ಅಕ್ಕ ಕಳಿಸಿದ ಗುರೆಳ್ಳು ಪುಡಿಯ ಡಬ್ಬಿ ಕಂಡು ನನಗೆ ಆದ ಸಂತೋಷ ಅಲ್ಲಿನ ಯಾವ ಅರಮನೆ ಕಂಡೂ ಆಗಲಿಲ್ಲ.

ಹರಪನಹಳ್ಳಿ ನಾನು ಕೊನೆಗೆ ಇಟ್ಟುಕೊಂಡಿದ್ದ ಊರು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಪಾಲಾದ ತಾಲ್ಲೂಕು. ಜಿಲ್ಲೆ ಎಷ್ಟು ಬದಲಾದರೂ ತಾಟಿನ ಮೇಲಿನದು ಬದಲಾಗಿಲ್ಲ. ಒಂದು ಬದಿಗೆ ಜೋಳದ ರೊಟ್ಟಿ, ಇನ್ನೊಂದು ಬದಿಗೆ ಮುದ್ದೆ, ಎರಡನ್ನೂ ಸಮನಾಗಿ ಪ್ರೀತಿಸುವ ಸೀಮೆ ಇದು. ಖಾನಾವಳಿಯೊಂದರಲ್ಲಿ ಊಟಕ್ಕೆ ಕೂತೆ. ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಹಸಿ ಈರುಳ್ಳಿ, ಮೊಸರು, ಅನ್ನ ಸಾರು. 80 ರೂಪಾಯಿ. ಒಳಗೆ ಮೂವರು ಹೆಂಗಸರು ರೊಟ್ಟಿ ಬಡಿಯುವ ಸದ್ದು ಬಿಡದೆ ಕೇಳುತ್ತಿತ್ತು.

ಪುಸ್ತಕ ತೆಗೆದು ಅಲ್ಲಿಯೇ ಲೆಕ್ಕ ಬರೆದೆ, ಈ ಸಲ ಹಣದ ಬದಲು ಹೊತ್ತಿನಲ್ಲಿ. ಬ್ರಿಟನ್ನಿನಲ್ಲಿ 21 ವರ್ಷ ತುಂಬಿದವರಿಗೆ ಗಂಟೆಯ ಕನಿಷ್ಠ ಕೂಲಿ 2025ರ ಏಪ್ರಿಲ್‌ನಿಂದ 12.21 ಪೌಂಡ್ ಇತ್ತು. ಏಳು ಪೌಂಡಿನ ದೋಸೆ ಸೇವಾ ಶುಲ್ಕ ಸೇರಿ ಎಂಟರ ಹತ್ತಿರ ಬರುತ್ತದೆ, ಅಂದರೆ ಅಲ್ಲಿ ತಟ್ಟೆ ತೊಳೆಯುವವನೂ ಸುಮಾರು 39 ನಿಮಿಷ ದುಡಿದರೆ ಅದನ್ನು ತಿನ್ನಬಹುದಿತ್ತು. ನಮ್ಮಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2025–26ಕ್ಕೆ 370 ರೂಪಾಯಿ ಇತ್ತು. ಎಂಟು ತಾಸಿಗೆ ಹಂಚಿದರೆ ತಾಸಿಗೆ 46 ರೂಪಾಯಿ ಚಿಲ್ಲರೆ. ಹರಪನಹಳ್ಳಿಯಲ್ಲಿ ಮಸಾಲೆ ದೋಸೆಗೆ ನಾನು ಕೊಟ್ಟದ್ದು 45. ಕೆರೆಯ ಹೂಳೆತ್ತುವ ಹೆಣ್ಣುಮಗಳಿಗೆ ಒಂದು ದೋಸೆ ಎಂದರೆ ಒಂದು ತಾಸಿನ ಬಿಸಿಲು. ಈ ರೊಟ್ಟಿಯೂಟವಂತೂ ಒಂದೂಮುಕ್ಕಾಲು ತಾಸು.

ಎರಡು ಸಲ ತಾಳೆ ನೋಡಿದೆ. ಲೆಕ್ಕ ಸರಿಯಾಗಿಯೇ ಇತ್ತು. ಲಂಡನ್ನಿನ ಮನೆ ಬಾಡಿಗೆ ಅಲ್ಲಿನ ಕೂಲಿಯ ಬಹುಪಾಲನ್ನು ನುಂಗುತ್ತದೆ ನಿಜ, ನನ್ನ ಅಳಿಯನೂ ಅದನ್ನೇ ಹೇಳುತ್ತಾನೆ. ಆದರೂ 900 ರೂಪಾಯಿಯ ದೋಸೆ ಅಲ್ಲಿನ ಕೂಲಿಯವನಿಗೆ 39 ನಿಮಿಷ, 45 ರೂಪಾಯಿಯ ದೋಸೆ ಇಲ್ಲಿನ ಕೂಲಿಯವಳಿಗೆ 58 ನಿಮಿಷ. ನಾವು ಊರಿಗೆ ಬಂದಾಗಲೆಲ್ಲ ‘ಎಷ್ಟು ಸಸ್ತಾ!’ ಎಂದು ಸಂಭ್ರಮಿಸುವ ಊಟ, ಊರಲ್ಲೇ ಇರುವವರಿಗೆ ಸಸ್ತಾ ಆಗಿರಲೇ ಇಲ್ಲ.

ಖಾನಾವಳಿಯ ಒಡತಿಯನ್ನು ಕೇಳಿದೆ, ‘ಅಕ್ಕಾರ, ನೀವು ಹೊರಗ ಉಣ್ಣೋದು ಯಾವಾಗ?’ ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು ನಕ್ಕರು. ‘ನಾವೆಲ್ಲಿ ಹೋಟ್ಲಿಗೆ ಹೋಗಾಣ್ರಿ. ವರ್ಷಕ್ಕೊಮ್ಮೆ ಕೊಟ್ರಪ್ಪಜ್ಜನ ತೇರಿಗೆ ನಡಕೊಂಡು ಹೋಗ್ತೀವಲ್ಲ, ಆಗ.’

ಕೊಟ್ರಪ್ಪಜ್ಜನೆಂದರೆ ಕೊಟ್ಟೂರು ಗುರು ಬಸವೇಶ್ವರ. ಅವನ ತೇರು ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಬರುತ್ತದೆ. ದಾವಣಗೆರೆ, ಹರಪನಹಳ್ಳಿ, ಹೊಸಪೇಟೆ ಕಡೆಯಿಂದ ಸಾವಿರಾರು ಮಂದಿ ಪಾದಯಾತ್ರೆ ಬರುತ್ತಾರೆ. ಆ ದಿನಗಳಲ್ಲಿ ದಾರಿಯ ಊರುಗಳವರು ರಸ್ತೆಯ ಪಕ್ಕ ಪೆಂಡಾಲು ಹಾಕಿ ಒಲೆ ಹೂಡುತ್ತಾರೆ. ನಡೆದು ಬರುವವರನ್ನು ಕೈ ಹಿಡಿದು ನಿಲ್ಲಿಸಿ ಬಡಿಸುತ್ತಾರೆ. ಹಣದ ಮಾತಿಲ್ಲ, ಜಾತಿಯ ವಿಚಾರಣೆಯಿಲ್ಲ. ಇಂಥ ಊಟವನ್ನು ನಾನು ಲಂಡನ್ನಿನಲ್ಲೂ ಉಂಡಿದ್ದೆ. ಸೌತಾಲ್‌ನ ಹ್ಯಾವ್‌ಲಾಕ್ ರಸ್ತೆಯಲ್ಲಿ 2003ರಲ್ಲಿ ತೆರೆದ ದೊಡ್ಡ ಗುರುದ್ವಾರವಿದೆ. ಅಲ್ಲಿನ ಲಂಗರಿನಲ್ಲಿ ತಲೆಗೆ ಬಟ್ಟೆ ಕಟ್ಟಿ ನೆಲಕ್ಕೆ ಕೂತರೆ ಬಿಸಿ ರೊಟ್ಟಿ, ದಾಲ್, ಪಾಯಸ. ಪಕ್ಕದಲ್ಲಿ ಕೂತ ಇಂಗ್ಲಿಷ್ ಮುದುಕರೊಬ್ಬರು ಎರಡನೇ ಸಲ ದಾಲ್ ಹಾಕಿಸಿಕೊಂಡಿದ್ದರು. ಜಗತ್ತಿನ ತುಟ್ಟಿ ಊರುಗಳಲ್ಲೊಂದರ ನಡುವೆ ಬೆಲೆಯೇ ಇಲ್ಲದ ಊಟ! ಅದನ್ನು ಹೇಳಿದೆ. ಒಡತಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ, ‘ಅಲ್ಲೂ ದಾಸೋಹ ಐತಂತಾತು’ ಎಂದರಷ್ಟೆ. ಆಮೇಲೆ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ದಾರಿಯಲ್ಲಿ ಎಲ್ಲೆಲ್ಲಿ ಏನೇನು ಬಡಿಸುತ್ತಾರೆಂದು ಹೇಳತೊಡಗಿದರು. ಒಂದು ಊರವರದು ಒಗ್ಗರಣಿ ಮತ್ತು ಚಾ. ಮುಂದಿನ ಊರಲ್ಲಿ ಚಿತ್ರಾನ್ನ, ಮಜ್ಜಿಗೆ. ಮಧ್ಯಾಹ್ನ ಗೋಧಿ ಹುಗ್ಗಿ, ಅನ್ನ ಸಾರು, ರಾತ್ರಿಗೆ ರೊಟ್ಟಿ ಪಲ್ಯ. ಕಾಲು ನೊಂದವರಿಗೆ ಎಣ್ಣೆ ತಿಕ್ಕುವವರೂ ಇರುತ್ತಾರಂತೆ.

‘ಫೆಬ್ರವರಿಯಾಗ ಬರ್ರಿ, ನಮ್ಮ ಗುಂಪಿನ ಸಂಗಾಟ ನಡಿಯೋಣಂತ. ರೊಕ್ಕ ಏನೂ ತರಬ್ಯಾಡ್ರಿ, ಒಂದು ನೀರಿನ ಬಾಟ್ಲಿ ಇರ್ಲಿ. ಲಂಡನ್ ಅಳಿಯಗೂ ರಜಾ ಹಾಕಿ ಬಾ ಅನ್ರಿ.’