ಅಮಾನತು

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಅಪ್ಪನ ಜೊತೆ ಹೋದಾಗಲೆಲ್ಲ ನನ್ನ ಕಣ್ಣು ತಕ್ಕಡಿಯ ಮೇಲೆ. ಅಪ್ಪನಿಗೆ ಪರಿಚಯದ ರೀಲರ್ ಒಬ್ಬರಿದ್ದಾರೆ, ನನಗೆ ಚಾಚಾ. ಒಮ್ಮೆ ನಕ್ಕು ಹೇಳಿದರು: ‘ತೂಕದಲ್ಲಿ ಮೋಸ ಮಾಡೋರ ಹೆಸರಲ್ಲೇ ಕುರಾನಿನಲ್ಲಿ ಒಂದು ಅಧ್ಯಾಯ ಇದೆ ಕಣಪ್ಪ, 83ನೆಯದು.’

ಮಾತು ಲಂಚದ ಕಡೆ ತಿರುಗಿತು. ಪಹಣಿ ತಿದ್ದುಪಡಿಗೆಂದು ಕಚೇರಿಯೊಂದರಲ್ಲಿ ನಾನು 500 ರೂಪಾಯಿ ಕೊಟ್ಟು ಬಂದಿದ್ದೆ. ‘ಖುಷಿಗೆ ಕೊಟ್ಟಿದ್ದು ಚಾಚಾ’ ಎಂದೆ.

ಅವರು ಹದೀಸಿನ ಪ್ರಸಂಗವೊಂದನ್ನು ಹೇಳಿದರು. ಝಕಾತ್ ವಸೂಲಿಗೆ ಹೋಗಿದ್ದವನೊಬ್ಬ ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಸಿಕ್ಕ ಉಡುಗೊರೆ ಎಂದನಂತೆ. ಅಪ್ಪ-ಅಮ್ಮನ ಮನೆಯಲ್ಲೇ ಕೂತಿದ್ದರೆ ಆ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂದು ಪ್ರವಾದಿಯವರು ಕೇಳಿದರಂತೆ. ‘ತಗೊಂಡವನಷ್ಟೇ ಅಲ್ಲ, ಕೊಟ್ಟವನೂ ಪಾಪಿಯೇ’ ಎಂದಾಗ ನಾನು ತಲೆ ತಗ್ಗಿಸಿದೆ.

ಅವರ ಪಾಲಿಗೆ ಹುದ್ದೆಯೆಂದರೆ ಅಮಾನತ್, ನಂಬಿ ಒಪ್ಪಿಸಿದ ವಸ್ತು. ಅರಬ್ಬಿಯ ಅದೇ ಪದ ನಮ್ಮ ಕಚೇರಿ ಕನ್ನಡದಲ್ಲಿ ‘ಅಮಾನತು’ ಆಗಿದೆ. ಲಂಚ ತಿಂದು ಸಿಕ್ಕಿಬಿದ್ದ ನೌಕರನ ಸುದ್ದಿಗೆ ನಾವು ಪತ್ರಕರ್ತರು ಕೊಡುವ ಶೀರ್ಷಿಕೆ ಅದು. ನಂಬಿಕೆಯ ಪದವನ್ನು ನಾವು ಶಿಕ್ಷೆಯ ಪದವಾಗಷ್ಟೇ ಕಲಿತೆವು.

ಭ್ರಷ್ಟಾಚಾರದ ವಿರುದ್ಧ ಶಾಲೆಯಲ್ಲಿ ಪಾಠ ಮಾಡುವುದಾದರೆ, ಆ ಪದದ ಮೊದಲ ಅರ್ಥದಿಂದಲೇ ಶುರುಮಾಡಬಹುದು. ನನ್ನ ಪಾಠವಂತೂ ಆ 500 ರೂಪಾಯಿಯಿಂದ ಶುರುವಾಗಿದೆ.