ಸೂಚಿಯಿಲ್ಲದ ಕಪಾಟು

ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ಮನೆಗೆ ಬಂದು ಕೇಳಿದಾಗ, ನಾವು ಗೋವಿಂದ ಪೈಗಳ ಕುರಿತೋ ಕಯ್ಯಾರರ ಕುರಿತೋ ಬರೆಯುವೆವೆಂದು ಅವರು ಭಾವಿಸಿದ್ದಿರಬೇಕು. ಆ ಹಿರಿಯರ ವಿಷಯ ಬರೆಯಬಲ್ಲವರು ಕಾಸರಗೋಡಿನ ಈ ನೆಲದಲ್ಲಿ ಅನೇಕರಿದ್ದಾರೆ. ನಾವು ಇಲ್ಲಿ ಬರೆಯಹೊರಟಿರುವುದು ಮೈನ್‌ಫ್ರೇಮ್ ಎಂಬ ದೊಡ್ಡ ಗಣಕಯಂತ್ರದ ಟೇಪುಗಳ ಸಂಗತಿಯನ್ನು. ಬಿ.ಎ., ಬಿ.ಎಡ್. ಮುಗಿಸಿ, ಬದುಕಿನ ಬಹುಭಾಗವನ್ನು ಚರಿತ್ರೆಯ ಪಾಠ ಹೇಳುವುದರಲ್ಲಿ ಕಳೆದ ನಮಗೆ ಅಲ್ಲೇನು ಕೆಲಸವೆಂದು ಓದುಗರು ಕೇಳಿಯಾರು. ಕೆಲಸವಿದೆ. ನಮ್ಮದೊಂದು ತಪ್ಪು ನಮಗೆ ಸರಿಯಾಗಿ ಅರ್ಥವಾದದ್ದು ಆ ಯಂತ್ರದ ಮುಂದೆ.

2020ರ ಮಳೆಗಾಲ. ಕೊರೋನಾ ಕಾರಣದಿಂದ ನಮ್ಮ ಮಗಳು ಬೆಂಗಳೂರಿನಿಂದ ಊರಿಗೆ ಬಂದು ಮನೆಯಿಂದಲೇ ಉದ್ಯೋಗ ಮಾಡುತ್ತಿದ್ದಳು. ಪರದೇಶದ ಒಂದು ಬ್ಯಾಂಕಿನ ಮೈನ್‌ಫ್ರೇಮಿನಲ್ಲಿ ಕಡತಗಳನ್ನು ಕಾಪಿಡುವ ಹೊಣೆ ಅವಳದು. ಅಲ್ಲಿಯ ಹಗಲು ನಮಗೆ ರಾತ್ರಿ. ಎಪ್ಪತ್ತರ ಹತ್ತಿರ ಬಂದವರಿಗೆ ನಿದ್ರೆಯೂ ಅಷ್ಟಕ್ಕಷ್ಟೆ. ಚಾವಡಿಯ ಮೇಜಿನ ಒಂದು ಕಡೆ ಅವಳು, ಇನ್ನೊಂದು ಕಡೆ ಪುಸ್ತಕ ಹಿಡಿದು ನಾವು. ಹೊರಗೆ ಅಡಿಕೆ ತೋಟದ ಮೇಲೆ ಮಳೆ. ಅವಳ ಪರದೆಯಲ್ಲಿ ಚಿತ್ರವಿಲ್ಲ, ಬಣ್ಣದ ಗುಂಡಿಗಳಿಲ್ಲ; ಕಪ್ಪು ಹಿನ್ನೆಲೆಯಲ್ಲಿ ಹಸಿರು ಅಕ್ಷರಗಳು ಮಾತ್ರ.

“ಇದೇನು ಮಗಳೇ, ನಮ್ಮ ಕಾಲಕ್ಕಿಂತಲೂ ಹಳೆಯದರಂತೆ ಕಾಣುತ್ತದಲ್ಲ?” ಎಂದೆವು.

“ಹಳೆಯದೇ ಅಪ್ಪಾ. ಈ ವಂಶದ ಯಂತ್ರ ಬಂದದ್ದು 1964ರಲ್ಲಿ. ಆಗ ಬರೆದ ಕೆಲವು ಪ್ರೋಗ್ರಾಮುಗಳು ಈಗಲೂ ನಡೆಯುತ್ತವೆ” ಎಂದಳು.

ಐಬಿಎಂ ಕಂಪೆನಿಯು ಸಿಸ್ಟಮ್/360 ಎಂಬ ಯಂತ್ರಮಾಲಿಕೆಯನ್ನು ಪ್ರಕಟಿಸಿದ್ದು 1964ರ ಏಪ್ರಿಲ್ 7ರಂದು. ಇಂದಿನ ಮೈನ್‌ಫ್ರೇಮುಗಳು ಆ ಕುಲದವು. ಅದಕ್ಕೂ ಮೊದಲು, 1952ರಲ್ಲೇ, ಆ ಕಂಪೆನಿಯ ಟೇಪ್ ಯಂತ್ರಗಳು ಬಂದಿದ್ದವು. ಲೆಕ್ಕಪತ್ರಗಳ ಪ್ರತಿಯನ್ನು ಟೇಪಿಗೆ ಬರೆದು, ಪ್ರತಿಯೊಂದು ಟೇಪಿಗೂ ಆರು ಅಕ್ಷರಗಳ ಒಂದು ಗುರುತು ಕೊಟ್ಟು ಕಪಾಟಿನಲ್ಲಿಡುವುದು ವಾಡಿಕೆಯಾಯಿತು. ಬೇಕಾದಾಗ ಆಪರೇಟರನು ಕಪಾಟಿಗೆ ಹೋಗಿ, ಟೇಪನ್ನು ತಂದು ಯಂತ್ರಕ್ಕೆ ಏರಿಸಬೇಕಿತ್ತು.

“ಹಾಗಾದರೆ ಆ ಬ್ಯಾಂಕಿನಲ್ಲಿ ಈಗಲೂ ಟೇಪು ಏರಿಸುವವರು ಇದ್ದಾರೋ?”

“ಇಲ್ಲ. ಟೇಪೇ ಇಲ್ಲ ಅಪ್ಪಾ, ಟೇಪಿನ ಹೆಸರು ಮಾತ್ರ ಉಂಟು!”

ಅವಳು ವಿವರಿಸಿದ ವರ್ಚುವಲ್ ಟೇಪಿನ ಕಥೆ ನಮಗೆ ಬಲು ಸ್ವಾರಸ್ಯವೆನಿಸಿತು. ಕಾಲ ಕಳೆದಂತೆ ಒಂದೊಂದು ಟೇಪಿನ ಧಾರಣಶಕ್ತಿ ಬಹಳ ಹೆಚ್ಚಿತು. ಆದರೆ ಹಳೆಯ ಪ್ರೋಗ್ರಾಮುಗಳು ಸಣ್ಣದೊಂದು ಕಡತಕ್ಕೂ ಇಡೀ ಟೇಪನ್ನೇ ಹಿಡಿದುಕೊಳ್ಳುತ್ತಿದ್ದವು. ಹೀಗಾಗಿ ಮುಕ್ಕಾಲುಪಾಲು ಖಾಲಿಯಿರುವ ಟೇಪುಗಳಿಂದ ಕಪಾಟು ತುಂಬತೊಡಗಿತು. ಪ್ರೋಗ್ರಾಮುಗಳನ್ನೆಲ್ಲ ತಿದ್ದುವುದು ಆಗದ ಮಾತು. ಅದಕ್ಕಾಗಿ 1990ರ ದಶಕದ ಕೊನೆಯ ಭಾಗದಲ್ಲಿ ನಡುವೆ ಒಂದು ಯಂತ್ರವನ್ನು ತಂದು ಕೂರಿಸಿದರು. ಮೈನ್‌ಫ್ರೇಮ್ ಟೇಪು ಕೇಳಿದರೆ ಅದು “ಏರಿಸಿದೆ” ಎನ್ನುತ್ತದೆ. ನಿಜದಲ್ಲಿ ಬರೆಹ ಹೋಗುವುದು ಡಿಸ್ಕಿಗೆ. ಆಮೇಲೆ ಬೇಕಿದ್ದರೆ ಇಂತಹ ಅನೇಕ ಟೇಪುಗಳನ್ನು ಒಂದೇ ನಿಜವಾದ ಕಾರ್ಟ್ರಿಜ್‌ನಲ್ಲಿ ಒತ್ತಾಗಿ ಜೋಡಿಸಿಡುತ್ತದೆ. ಕೇಳಿದ ಪ್ರೋಗ್ರಾಮಿಗೆ ಈ ಮಾಯೆಯ ಸುಳಿವೇ ಇಲ್ಲ.

“ಹಾಗಾದರೆ ಯಾವ ಕಡತ ಎಲ್ಲಿದೆಯೆಂದು ನಿನಗೆ ಹೇಗೆ ತಿಳಿಯುತ್ತದೆ?” ಎಂದು ಕೇಳಿದೆವು.

“ಕೆಟಲಾಗು ಅಪ್ಪಾ. ಸೂಚಿ. ಅದೊಂದು ಹೋದರೆ ಎಲ್ಲ ಹೋದ ಹಾಗೆ. ಟೇಪಿನಲ್ಲಿ ಕಡತ ಇರುತ್ತದೆ. ಆದರೆ ಇಲ್ಲದ್ದಕ್ಕೆ ಸಮ.”

ಆ ಮಾತು ಕೇಳಿ ನಾವು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದೆವು.

ಇಲ್ಲಿ ನಮ್ಮ ಶಾಲೆಯ ವಿಷಯ ಹೇಳಬೇಕು. ನಾವು ಮುಖ್ಯೋಪಾಧ್ಯಾಯರಾಗಿದ್ದ ಕನ್ನಡ ಶಾಲೆಯಲ್ಲಿ ಏಳು ಪ್ರವೇಶ ರಿಜಿಸ್ಟರುಗಳಿದ್ದವು. ಹಳೆಯವು ಈ ಊರು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದವು. ಅವುಗಳಲ್ಲಿ ಹೆಸರುಗಳಿರುವುದು ಮಕ್ಕಳು ಶಾಲೆಗೆ ಸೇರಿದ ಕ್ರಮದಲ್ಲಿ. ಸೇರಿದ ವರ್ಷ ಗೊತ್ತಿಲ್ಲದಿದ್ದರೆ ಹುಡುಕುವುದು ಕಷ್ಟ. ನಮಗಿಂತ ಎಷ್ಟೋ ಮೊದಲು ಇದ್ದ ಒಬ್ಬ ಅಧ್ಯಾಪಕರು ಇದಕ್ಕೊಂದು ದಾರಿ ಮಾಡಿದ್ದರು. ಒಂದು ತೆಳ್ಳಗಿನ ನೋಟುಪುಸ್ತಕದಲ್ಲಿ ತರವಾಡುಮನೆಯ ಹೆಸರನ್ನು ಅಕಾರಾದಿಯಾಗಿ ಬರೆದು, ಅದರ ಕೆಳಗೆ ಮಗುವಿನ ರಿಜಿಸ್ಟರ್ ಹೆಸರು, ಕರೆಯುವ ಹೆಸರು, ಎಷ್ಟನೆಯ ಪುಸ್ತಕ, ಎಷ್ಟನೆಯ ಪುಟ ಎಂದು ಗುರುತಿಸಿದ್ದರು. ಮೇಲೆ ಶಾಲೆಯ ಮುದ್ರೆಯಿರಲಿಲ್ಲ. ಇಲಾಖೆಯ ಲೆಕ್ಕಕ್ಕೆ ಅದು ದಾಖಲೆಯೂ ಆಗಿರಲಿಲ್ಲ.

1998ರ ಬೇಸಗೆ ರಜೆಯಲ್ಲಿ ಕಚೇರಿಯನ್ನು ಹೊಸ ಕೋಣೆಗೆ ಸ್ಥಳಾಂತರಿಸಿದೆವು. ಗೆದ್ದಲು ಹಿಡಿದ ಕಾಗದಗಳನ್ನು ಬೇರ್ಪಡಿಸಿ ಸುಡಿಸಿದೆವು. ಏಳು ರಿಜಿಸ್ಟರುಗಳನ್ನು ನಾವೇ ಎತ್ತಿಕೊಂಡು ಹೋಗಿ ಕಬ್ಬಿಣದ ಕಪಾಟಿನಲ್ಲಿಟ್ಟೆವು. ನೋಟುಪುಸ್ತಕ ಬೆಂಕಿಗೆ ಹೋಯಿತು. ಅದನ್ನು ಕಂಡೂ ನಾವು ತಡೆಯಲಿಲ್ಲ. ಮೂಲ ಪುಸ್ತಕಗಳು ಭದ್ರವಾಗಿವೆಯಲ್ಲ ಎಂಬ ಸಮಾಧಾನ ನಮ್ಮದು.

2003ರಲ್ಲಿ ಓರ್ವ ವೃದ್ಧೆ ಶಾಲೆಗೆ ಬಂದರು. ಪಿಂಚಣಿಗೆ ವಯಸ್ಸಿನ ದಾಖಲೆ ಬೇಕಾಗಿತ್ತು. “ಯುದ್ಧ ಮುಗಿದ ಮರುವರ್ಷ ಸೇರಿದ್ದು ಮಾಷ್ಟ್ರೇ” ಎಂದರು. ನಾವು 1945ರಿಂದ 1948ರವರೆಗಿನ ಪುಟಗಳನ್ನು ಎರಡು ಮಧ್ಯಾಹ್ನ ತಿರುವಿದೆವು. ಅವರು ಹೇಳಿದ ಹೆಸರು ಸಿಗಲಿಲ್ಲ. ಪರೀಕ್ಷೆಯ ಸಮಯ, ಕೆಲಸ ಬೇರೆ ಬೇಕಾದಷ್ಟಿತ್ತು. “ದಾಖಲೆ ಇಲ್ಲ” ಎಂದು ಬರೆದುಕೊಟ್ಟೆವು. ಅವರು ಆ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು. ಬೇರೆ ದಾರಿಯಿಂದ ಅವರಿಗೆ ಪಿಂಚಣಿ ಸಿಕ್ಕಿದ್ದು ಮೂರು ವರ್ಷದ ಬಳಿಕ, ನಾವು ನಿವೃತ್ತರಾದ 2006ರಲ್ಲಿ.

ಇದನ್ನು ಮಗಳಿಗೆ ಹೇಳಿದೆವು. ಅವಳು ನಮ್ಮನ್ನು ಸಮಾಧಾನಪಡಿಸಲು ಹೋಗಲಿಲ್ಲ. ತನ್ನ ಕೆಲಸದ ರೀತಿಯನ್ನು ತೋರಿಸಿದಳು. ಕಡತಗಳ ಪ್ರತಿ ಇಡುವ ಅವಳ ವ್ಯವಸ್ಥೆಗೆ ಡಿಎಫ್‌ಎಸ್‌ಎಂಎಸ್‌ಎಚ್‌ಎಸ್‌ಎಂ ಎಂಬ ಉದ್ದದ ಹೆಸರು. ಅವರೆಲ್ಲ ಎಚ್‌ಎಸ್‌ಎಂ ಎನ್ನುತ್ತಾರೆ. ಅದಕ್ಕೆ ಮೂರು ಸೂಚಿಗಳು. ಸ್ಥಳಾಂತರಗೊಂಡ ಕಡತಗಳಿಗೆ ಒಂದು, ಪ್ರತಿಗಳಿಗೆ ಒಂದು, ಟೇಪುಗಳಿಗೆ ಒಂದು. ಇವುಗಳಲ್ಲಿ ಆಗುವ ಒಂದೊಂದು ಬದಲಾವಣೆಯನ್ನೂ ಜರ್ನಲ್ ಎಂಬ ದಿನಚರಿಯಲ್ಲಿ ಕೂಡಲೇ ಬರೆದಿಡುತ್ತದೆ. ಬ್ಯಾಕ್‌ವಾಲ್ ಸಿಡಿಎಸ್ ಎಂಬ ಆಜ್ಞೆ ಕೊಟ್ಟರೆ ಸೂಚಿಗಳಿಗೇ ಪ್ರತಿ ತೆಗೆಯುತ್ತದೆ. ಸೂಚಿ ಕೆಟ್ಟರೆ ಹಳೆಯ ಪ್ರತಿಯನ್ನು ತಂದು, ಅದರ ಮೇಲೆ ದಿನಚರಿಯನ್ನು ಓದಿಸಿ, ಮೊದಲಿನಂತೆ ಕಟ್ಟಬಹುದು. ನಮ್ಮ ಶಾಲೆಯಲ್ಲಿ ಮೂಲಗಳಿಗೆ ಕಬ್ಬಿಣದ ಕಪಾಟು, ಸೂಚಿಗೆ ಬೆಂಕಿ. ಅಲ್ಲಿ ಸೂಚಿಗೂ ಅಷ್ಟೇ ಕಾವಲು.

ಆಜ್ಞೆಗಳ ಹೆಸರುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡೆವು. ಲಿಸ್ಟ್ ಎಂದರೆ ಹಾಜರಿ ಕರೆದಂತೆ: ಯಾವ ಕಡತದ ಎಷ್ಟು ಪ್ರತಿ, ಯಾವ ಟೇಪಿನಲ್ಲಿ ಎಂದು ಹೇಳುತ್ತದೆ. ರಿಕವರ್ ಎಂದರೆ ಪ್ರತಿಯಿಂದ ಕಡತವನ್ನು ಮರಳಿ ತರುವುದು. ಎಕ್ಸ್‌ಪೈರ್‌ಬಿವಿ ಎಂದರೆ ಅವಧಿ ಮೀರಿದ ಪ್ರತಿಗಳನ್ನು ತೆಗೆದುಹಾಕುವುದು. ರಿಸೈಕಲ್ ಎಂದರೆ, ಬೇಕಾದದ್ದು ಸ್ವಲ್ಪವೇ ಉಳಿದಿರುವ ಟೇಪುಗಳಿಂದ ಆ ಸ್ವಲ್ಪವನ್ನು ಹೊಸ ಟೇಪಿಗೆ ಸೇರಿಸಿ, ಹಳೆಯದನ್ನು ಮತ್ತೆ ಬರೆಯಲು ಬಿಟ್ಟುಕೊಡುವುದು. ಹಾಗೆ ಬಿಟ್ಟುಕೊಟ್ಟದ್ದಕ್ಕೆ ಸ್ಕ್ರಾಚ್ ಟೇಪ್ ಎನ್ನುತ್ತಾರೆ. ಆಡಿಟ್ ಎಂದರೆ ಒಂದು ಸೂಚಿಯನ್ನು ಇನ್ನೊಂದರೊಡನೆ ತಾಳೆ ನೋಡುವುದು; ಬೇಕಿದ್ದರೆ ಟೇಪನ್ನೇ ಓದಿ ಸೂಚಿಯೊಡನೆ ಹೋಲಿಸುವುದು.

ಇವುಗಳಲ್ಲಿ ನಮ್ಮ ಮನಸ್ಸಿಗೆ ನಾಟಿದ್ದು ಬೇರೊಂದು ಸಂಗತಿ. ಎಕ್ಸ್‌ಪೈರ್‌ಬಿವಿಗೂ ರಿಸೈಕಲ್ಲಿಗೂ ಎರಡು ರೂಪಗಳಿವೆ. ಡಿಸ್‌ಪ್ಲೇ ಎಂದರೆ ಏನೇನು ಹೋಗಲಿದೆಯೆಂದು ತೋರಿಸುತ್ತದೆ, ಮುಟ್ಟುವುದಿಲ್ಲ. ಎಕ್ಸಿಕ್ಯೂಟ್ ಎಂದರೆ ಮಾಡಿಯೇ ಬಿಡುತ್ತದೆ. ಆಡಿಟ್‌ನಲ್ಲಿಯೂ ತಪ್ಪನ್ನು ಹೇಳು, ತಿದ್ದಬೇಡ ಎನ್ನಲು ನೋಫಿಕ್ಸ್ ಇದೆ. ತಿದ್ದು ಎನ್ನಲು ಫಿಕ್ಸ್ ಇದೆ. ಮಗಳು ಮೊದಲು ತೋರಿಸಿಕೊಂಡು, ಪಟ್ಟಿಯನ್ನು ಓದಿ, ಮತ್ತೊಬ್ಬರಿಗೂ ಓದಿಸಿ, ಆಮೇಲೆಯೇ ಮಾಡುತ್ತಾಳೆ. ಸ್ಕ್ರಾಚ್ ಆದ ವರ್ಚುವಲ್ ಟೇಪನ್ನೂ ಕೂಡಲೇ ಅಳಿಸದೆ ಇಂತಿಷ್ಟು ದಿನ ಇರಿಸಿಕೊಳ್ಳುವಂತೆ ಗೊತ್ತುಮಾಡಬಹುದಂತೆ. ಆ ಬೇಸಗೆಯಲ್ಲಿ ಸುಡಬೇಕಾದುದರ ಪಟ್ಟಿಯೊಂದನ್ನು ನಾವು ಬರೆಸಿ, ಒಂದು ದಿನ ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು.

ಇಂತಹ ತಪ್ಪು ನಮ್ಮಂಥವರಿಂದ ಮಾತ್ರ ಆಗುವುದಲ್ಲ. 1969ರಲ್ಲಿ ಅಪೊಲೊ 11 ಚಂದ್ರನ ಮೇಲಿಳಿದಾಗಿನ ಮೂಲ ದೃಶ್ಯಗಳಿದ್ದ ಟೇಪುಗಳನ್ನು ಮರುಬಳಕೆಗಾಗಿ ಅಳಿಸಿರಬೇಕೆಂಬ ನಿರ್ಣಯಕ್ಕೆ ನಾಸಾ ಸಂಸ್ಥೆ 2009ರಲ್ಲಿ ಬಂದಿತು. ದೂರದರ್ಶನ ಪ್ರಸಾರದ ಪ್ರತಿಗಳು ಬೇರೆ ಕಡೆ ಉಳಿದಿದ್ದವು. ಅವುಗಳಿಗಿಂತ ಸ್ಪಷ್ಟವಾಗಿದ್ದ ಮೂಲ ಮಾತ್ರ ಇಲ್ಲ. ಇದಕ್ಕೆ ಎದುರಾದ ನಿದರ್ಶನವೂ ಉಂಟು. 2011ರಲ್ಲಿ ಒಂದು ತಾಂತ್ರಿಕ ದೋಷದಿಂದ ಜಿಮೇಲ್ ಬಳಕೆದಾರರಲ್ಲಿ ಶೇಕಡಾ 0.02ರಷ್ಟು ಮಂದಿಯ ಪತ್ರಗಳು ಕಾಣೆಯಾದಾಗ, ಗೂಗಲ್ ಸಂಸ್ಥೆ ಅವುಗಳನ್ನು ಮರಳಿ ತಂದದ್ದು ಟೇಪುಗಳಿಂದ.

ಆ ವರ್ಷ ಶಾಲೆಗಳು ಮುಚ್ಚಿದ್ದವು. ಈಗಿನ ಮುಖ್ಯೋಪಾಧ್ಯಾಯರಲ್ಲಿ ನಮ್ಮ ತಪ್ಪನ್ನು ಹೇಳಿಕೊಂಡು, ಅನುಮತಿ ಕೇಳಿದೆವು. ಅವರು ದೊಡ್ಡ ಮನಸ್ಸಿನಿಂದ ಒಪ್ಪಿದರು. ದಿನಕ್ಕೆ ಮೂರು ಗಂಟೆ, ಮೂಗಿಗೆ ಮಾಸ್ಕು ಕಟ್ಟಿಕೊಂಡು, ಮೊದಲನೆಯ ರಿಜಿಸ್ಟರಿನಿಂದ ಸೂಚಿಯನ್ನು ಹೊಸದಾಗಿ ಬರೆಯತೊಡಗಿದೆವು. ಪದವಿಯಲ್ಲಿದ್ದಾಗ ಎರಡು ಮಧ್ಯಾಹ್ನಕ್ಕಿಂತ ಹೆಚ್ಚು ಕೊಡಲಾರದ ಕೆಲಸಕ್ಕೆ ಈಗ ಐದು ತಿಂಗಳು ಹಿಡಿಯಿತು.

ಮೂರನೆಯ ರಿಜಿಸ್ಟರಿನಲ್ಲಿ ಅವರು ಸಿಕ್ಕಿದರು. ಸೇರಿದ್ದು 1944ರಲ್ಲಿ. ಊರಿನಲ್ಲಿ ಎಲ್ಲರೂ ಕರೆಯುವ ಹೆಸರು ಬೇರೆ, ಬರೆಸಿದ ಹೆಸರು ಬೇರೆ. ಮನೆಯ ಹೆಸರು ಮಾತ್ರ ಅದೇ. ಸುಟ್ಟುಹೋದ ನೋಟುಪುಸ್ತಕ ಇದ್ದಿದ್ದರೆ ಐದು ನಿಮಿಷದ ಕೆಲಸ.

ಮುಖ್ಯೋಪಾಧ್ಯಾಯರು ಸಹಿ ಮಾಡಿಕೊಟ್ಟ ಪ್ರತಿಯನ್ನು ಹಿಡಿದು ಅವರ ಮನೆಗೆ ಹೋದೆವು. ವಯಸ್ಸು ಎಂಬತ್ತು ದಾಟಿತ್ತು. ಅಂಗಳದಲ್ಲಿಯೇ ನಿಂತು ವಿಷಯ ತಿಳಿಸಿ, “ಆ ದಿನ ಇಲ್ಲವೆಂದು ಬರೆದುಕೊಟ್ಟದ್ದು ನಮ್ಮ ತಪ್ಪು ಅಕ್ಕ” ಎಂದೆವು.

“ಅದೆಲ್ಲ ಇರಲಿ ಮಾಷ್ಟ್ರೇ. ಈ ಕಡೆಯ ಅಕ್ಷರ ಯಾರದ್ದು?” ಎಂದು ಬೆರಳಿಟ್ಟು ಕೇಳಿದರು.

ರಕ್ಷಕರ ಸಹಿಯ ಕಲಂ ಅದು. ಅವರ ತಂದೆ ವಕ್ರವಕ್ರವಾಗಿ ಕನ್ನಡದಲ್ಲಿ ತಮ್ಮ ಹೆಸರನ್ನು ಬರೆದಿದ್ದರು. ಮಗಳಿಗೆ ಎಂಟು ವರ್ಷವಾಗಿದ್ದಾಗ ತೀರಿಕೊಂಡ ತಂದೆ.

“ಅಪ್ಪನಿಗೆ ಬರೆಯಲಿಕ್ಕೆ ಬರ್ತಿತ್ತಾ? ನನಗೆ ಗೊತ್ತೇ ಇರಲಿಲ್ಲ” ಎಂದರು. ಆ ಕಾಗದವನ್ನು ಅವರು ನಮಗೆ ಹಿಂದಿರುಗಿಸಲಿಲ್ಲ, ನಾವೂ ಕೇಳಲಿಲ್ಲ.

ಇನ್ನೊಂದು ಮಾತು. ನಮ್ಮ ಮಗಳಿಗೆ ಈ ಆಜ್ಞೆಗಳನ್ನು ಕಲಿಸಿದ ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಕಲಿಯಲು ಬರುವ ಎಳೆಯರು ಕಡಿಮೆ. ಯಂತ್ರ ಇದೆ, ಸೂಚಿಯೂ ಇದೆ, ಓದಬಲ್ಲವರು ಬೇಕು. ಗಡಿನಾಡಿನ ನಮಗೆ ಈ ಚಿಂತೆ ಹೊಸದಲ್ಲ. 1956ರ ನವೆಂಬರ್ 1ರಿಂದ ಈ ನೆಲ ಕೇರಳದಲ್ಲಿದೆ. ನಾಳೆ ನಮ್ಮ ಶಾಲೆಯ ಕಚೇರಿಯಲ್ಲಿ ಕುಳಿತವರಿಗೆ ಕನ್ನಡ ಬಾರದಿರಬಹುದು. ಆಗ ನಮ್ಮ ಹಳೆಯ ರಿಜಿಸ್ಟರುಗಳೂ ಸೂಚಿಯಿಲ್ಲದ ಟೇಪುಗಳಾಗುತ್ತವೆ. ಆದುದರಿಂದ ಹೊಸ ಸೂಚಿಯಲ್ಲಿ ಪ್ರತಿಯೊಂದು ಹೆಸರನ್ನೂ ಮೊದಲು ಕನ್ನಡದಲ್ಲಿ, ಪಕ್ಕದಲ್ಲಿ ಮಲಯಾಳಂ ಲಿಪಿಯಲ್ಲಿ, ಅದರ ಮುಂದೆ ಇಂಗ್ಲಿಷಿನಲ್ಲಿ ಬರೆದಿದ್ದೇವೆ. ಕೆಲವು ಮಿತ್ರರಿಗೆ ಇದು ಸೋಲೊಪ್ಪಿದಂತೆ ಕಂಡಿತು. ನಮಗೆ ಹಾಗೆನಿಸುವುದಿಲ್ಲ. ಆ ಕುರ್ಚಿಯಲ್ಲಿ ಯಾರೇ ಕುಳಿತಿರಲಿ, ಕೇಳಿ ಬಂದ ಕನ್ನಡದ ಮಗುವಿಗೆ “ದಾಖಲೆ ಇಲ್ಲ” ಎಂಬ ಚೀಟಿ ಸಿಗಬಾರದು.

ಸೂಚಿಯ ಒಂದು ಪ್ರತಿ ಶಾಲೆಯಲ್ಲಿದೆ. ಶಾಲೆಯ ಒಪ್ಪಿಗೆಯಿಂದ ಇನ್ನೊಂದು ನಮ್ಮ ಮನೆಯಲ್ಲಿ, ಮೂರನೆಯದು ಬೆಂಗಳೂರಿನಲ್ಲಿ ಮಗಳ ಬಳಿ. ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಸಣ್ಣದು. ನಿಮ್ಮ ಮನೆಯ ಅಟ್ಟದಲ್ಲಿರುವ ಹಳೆಯ ಕಾಗದಗಳನ್ನು, ತಾಳೆಗರಿಯ ಕಟ್ಟುಗಳನ್ನು, ಈ ಸಂಘದ ಹಿಂದಿನ ಸಂಚಿಕೆಗಳನ್ನು ಎಸೆಯುವ ಮೊದಲು ಒಂದು ಪಟ್ಟಿ ಮಾಡಿರಿ. ಪಟ್ಟಿಯನ್ನು ಇನ್ನೊಬ್ಬರಿಗೆ ಓದಿ ಹೇಳಿರಿ. ಉಳಿಸಿಕೊಂಡದ್ದರ ಪಟ್ಟಿಯನ್ನು ಎರಡು ಕಡೆ ಇಡಿರಿ. ಅಕಾರಾದಿಯಾಗಿ ಬರೆಯುವುದು ಹೇಗೆಂದು ತಿಳಿಯಬೇಕಿದ್ದರೆ ನಮ್ಮ ಮನೆಗೆ ಬನ್ನಿರಿ. ಸಂಜೆ ನಾಲ್ಕರ ಬಳಿಕ ನಾವು ಚಾವಡಿಯಲ್ಲಿಯೇ ಇರುತ್ತೇವೆ.